ಜಿ. ಎನ್. ರಾಮಚಂದ್ರನ್

1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ ಇಪ್ಪತ್ತು ವರ್ಷ ತುಂಬದ ತರುಣನೊಬ್ಬನು ವಿದ್ಯಾರ್ಥಿಯಾಗಿ ಸೇರಿದನು. ಬೆಂಗಳೂರಿನ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಆ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರು ಆಗ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ತರುಣನ ಮನಸ್ಸು ಯಂತ್ರಗಳಿಗಿಂತ ಹೆಚ್ಚಾಗಿ ಭೌತವಿಜ್ಞಾನದ ಕಡೆಗೆ ಒಲಿದಿತ್ತು. ರಾಮನ್ನರು ಅವನ ಬುದ್ಧಿಯ ಹರಿತವನ್ನು ಬಹುಬೇಗ ಗುರುತಿಸಿದರು. ಇಂತಹ ವಿದ್ಯಾರ್ಥಿಯು ಎಂಜಿನಿಯರಿಂಗ್ ವಿಭಾಗದಲ್ಲಿರುವುದು ತರವಲ್ಲವೆಂದು ವಾದಿಸಿ ಅವನನ್ನು ತಮ್ಮ ವಿಭಾಗಕ್ಕೆ ಕರೆತಂದರು. ಆ ತರುಣನೇ ಮುಂದೆ ಜೈವಿಕ ಅಣುಗಳ ರಚನೆಯ ವಿಷಯದಲ್ಲಿ ಜಗತ್ಪ್ರಸಿದ್ಧರಾದ ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್.

ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಅಂದಿನ ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ತಾಯಿ ಲಕ್ಷ್ಮೀ ಅಮ್ಮಾಳ್. ಗಣಿತದ ಮೇಲಿನ ಒಲವು ಮಗನಿಗೆ ತಂದೆಯಿಂದಲೇ ಬಂದ ಆಸ್ತಿಯೆನ್ನಬೇಕು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದು ಅವರು ಬೆಂಗಳೂರಿಗೆ ಬಂದರು.

ರಾಮನ್ನರ ಮಾರ್ಗದರ್ಶನದಲ್ಲಿ ಅವರು ವಜ್ರವೇ ಮೊದಲಾದ ಸ್ಫಟಿಕಗಳನ್ನು ಕ್ಷ-ಕಿರಣಗಳಿಂದ ಪರೀಕ್ಷಿಸುವ ವಿದ್ಯೆಯನ್ನು ಕರಗತ ಮಾಡಿಕೊಂಡರು. ಸ್ಫಟಿಕದೊಳಗೆ ಪರಮಾಣುಗಳು ಒಂದು ಕ್ರಮಕ್ಕೆ ಒಳಪಟ್ಟು ಕುಳಿತಿರುತ್ತವೆ. ಅದರ ಮೂಲಕ ಹಾಯ್ದ ಕ್ಷ-ಕಿರಣಗಳು ಚದರಿ ಛಾಯಾಫಲಕದ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ. ಆ ಚುಕ್ಕೆಗಳನ್ನು ಓದಿ ಪರಮಾಣುಗಳ ನೆಲೆಯನ್ನು ಕಂಡುಹಿಡಿಯಲು ತಾಳ್ಮೆಯೂ ಗಣಿತವೂ ಸಮಸಮವಾಗಿ ಬೇಕು. ರಾಮಚಂದ್ರನ್ ಅವರಲ್ಲಿ ಎರಡಕ್ಕೂ ಕೊರತೆಯಿರಲಿಲ್ಲ. 1947ರಿಂದ 1949ರವರೆಗೆ ಅವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಹೆಸರಾಂತ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ ಡಾಕ್ಟರ್ ಪದವಿಯನ್ನು ಪಡೆದರು. ಅಲ್ಲಿ ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಅವರ ಉಪನ್ಯಾಸಗಳನ್ನು ಕೇಳಿದ್ದು ಅವರ ಮನಸ್ಸಿನ ಮೇಲೆ ಅಳಿಯದ ಪ್ರಭಾವವನ್ನು ಬೀರಿತು.

ಸ್ವದೇಶಕ್ಕೆ ಮರಳಿ ಬೆಂಗಳೂರಿನಲ್ಲಿ ಮೂರು ವರ್ಷ ದುಡಿಯುವಷ್ಟರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಕರೆ ಬಂದಿತು. ಅಲ್ಲಿನ ಉಪಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರರು ಭೌತವಿಜ್ಞಾನದ ಪೀಠಕ್ಕೆ ಮೊದಲು ಬಯಸಿದ್ದು ರಾಮನ್ನರನ್ನು. ರಾಮನ್ನರು ತಾವು ಒಪ್ಪದೆ ಶಿಷ್ಯನ ಹೆಸರನ್ನು ಸೂಚಿಸಿದರು. ಹೀಗೆ 1952ರಲ್ಲಿ, ಮೂವತ್ತು ತುಂಬುವ ಮೊದಲೇ, ರಾಮಚಂದ್ರನ್ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು.

ಆ ದಿನಗಳಲ್ಲಿ ಜೆ. ಡಿ. ಬರ್ನಾಲ್ ಎಂಬ ವಿಜ್ಞಾನಿಯು ಮದರಾಸಿಗೆ ಬಂದಿದ್ದರು. ಕೊಲಾಜೆನ್ ಎಂಬ ಪ್ರೋಟೀನಿನ ರಚನೆಯು ಇನ್ನೂ ಯಾರಿಗೂ ಸರಿಯಾಗಿ ತಿಳಿದಿಲ್ಲವೆಂದು ಅವರು ಮಾತಿನ ನಡುವೆ ತಿಳಿಸಿದರು. ರಾಮಚಂದ್ರನ್ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು.

ಇಲ್ಲಿ ಪ್ರೋಟೀನಿನ ವಿಷಯವಾಗಿ ಎರಡು ಮಾತು ಹೇಳಬೇಕು. ಅಮೈನೊ ಆಮ್ಲಗಳೆಂಬ ಸಣ್ಣ ಅಣುಗಳು ಹೂಮಾಲೆಯ ಹೂಗಳಂತೆ ಒಂದರ ಪಕ್ಕ ಒಂದು ಹೆಣೆದುಕೊಂಡರೆ ಆ ಸರಕ್ಕೆ ಪೆಪ್ಟೈಡು ಎಂದು ಹೆಸರು. ಸರವು ಬಹಳ ಉದ್ದವಾಗಿ, ತನ್ನದೇ ಆದ ರೀತಿಯಲ್ಲಿ ಮಡಿಚಿ ನಿಂತರೆ ಅದೇ ಪ್ರೋಟೀನು. ಸರದಲ್ಲಿ ಯಾವ ಹೂವಿನ ಮುಂದೆ ಯಾವ ಹೂವಿದೆ ಎಂಬುದಷ್ಟೇ ಮುಖ್ಯವಲ್ಲ. ಸರವು ಹೇಗೆ ಮಡಿಚಿದೆ ಎಂಬುದೂ ಅಷ್ಟೇ ಮುಖ್ಯ. ಆಕಾರ ಕೆಟ್ಟರೆ ಕೆಲಸವೂ ಕೆಟ್ಟಿತು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಗಟ್ಟಿತನವನ್ನು ಕೊಡುವ ಕೊಲಾಜೆನ್ ನಮ್ಮ ದೇಹದಲ್ಲಿ ಬೇರೆಲ್ಲ ಪ್ರೋಟೀನುಗಳಿಗಿಂತ ಹೆಚ್ಚಾಗಿದೆ. ಕಾಲಿಗೆ ಮೆಟ್ಟುವ ಚರ್ಮದ ಚಪ್ಪಲಿಯೂ ಬಹುಮಟ್ಟಿಗೆ ಕೊಲಾಜೆನ್ನೇ. ಆದುದರಿಂದ ಅದರ ಮಾದರಿಗಳು ಮದರಾಸಿನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಲ್ಲಿಯೇ ದೊರೆತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊಲಾಜೆನ್ನಿನ ಅಮೈನೊ ಆಮ್ಲಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗ್ಲೈಸಿನ್ ಎಂಬುದು ಆಗಲೇ ಗೊತ್ತಿತ್ತು. ಗ್ಲೈಸಿನ್ ಅಮೈನೊ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಈ ಸಂಗತಿಯಲ್ಲಿಯೇ ರಚನೆಯ ಗುಟ್ಟು ಅಡಗಿದೆಯೆಂದು ರಾಮಚಂದ್ರನ್ ಊಹಿಸಿದರು. ಹಗ್ಗ ಹೊಸೆಯುವವರು ಮೂರು ಎಳೆಗಳನ್ನು ಸೇರಿಸಿ ಹುರಿ ಮಾಡುವುದನ್ನು ಹಳ್ಳಿಯ ಮಕ್ಕಳೆಲ್ಲರೂ ಕಂಡಿದ್ದಾರೆ. ಕೊಲಾಜೆನ್ ಕೂಡ ಹಾಗೆಯೇ ಮೂರು ಸರಗಳು ಸುತ್ತಿಕೊಂಡ ಹುರಿ. ಮೂರು ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವ ನಡುವಣ ಕಿರಿದಾದ ಎಡೆಯಲ್ಲಿ ದೊಡ್ಡ ಅಣುವಿಗೆ ಸ್ಥಳವಿಲ್ಲ. ಪ್ರತಿ ಮೂರನೆಯ ಸ್ಥಾನದಲ್ಲಿ ಅಲ್ಲಿ ಬಂದು ಕೂರುವುದು ಚಿಕ್ಕದಾದ ಗ್ಲೈಸಿನ್. ತಮ್ಮ ಸಹೋದ್ಯೋಗಿ ಗೋಪಿನಾಥ ಕಾರ್ತಾ ಅವರೊಡನೆ ರಾಮಚಂದ್ರನ್ ಈ ವಿಚಾರವನ್ನು 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಅದನ್ನು ತಿದ್ದಿ ಇನ್ನಷ್ಟು ಖಚಿತಗೊಳಿಸಿದರು.

ಆದರೆ ಸಂತೋಷವು ಬಹುಕಾಲ ಉಳಿಯಲಿಲ್ಲ. ಕೇಂಬ್ರಿಜ್‌ನಲ್ಲಿದ್ದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಅವರು 1955ರಲ್ಲಿ ಈ ಮಾದರಿಯಲ್ಲಿ ದೋಷವನ್ನೆತ್ತಿದರು. ಕ್ರಿಕ್ ಎಂದರೆ ಅದಕ್ಕೆ ಎರಡು ವರ್ಷ ಮೊದಲು ಡಿ.ಎನ್.ಎ.ಯ ರಚನೆಯನ್ನು ಬಿಡಿಸಿ ಲೋಕದ ಗಮನವನ್ನು ಸೆಳೆದಿದ್ದವರು. ಅವರ ಮಾತಿಗೆ ತೂಕವಿತ್ತು. ಮೂರು ಸರಗಳ ಹುರಿ ಎಂಬುದನ್ನು ಅವರು ಒಪ್ಪಿದರು. ಆದರೆ ರಾಮಚಂದ್ರನ್ ಅವರ ಮಾದರಿಯಲ್ಲಿ ಕೆಲವು ಪರಮಾಣುಗಳು ಪ್ರಕೃತಿಯು ಒಪ್ಪಲಾರದಷ್ಟು ಹತ್ತಿರ ಬಂದಿವೆ, ಸರಗಳನ್ನು ಬಿಗಿಯುವ ಜಲಜನಕ ಬಂಧಗಳು ಎರಡಲ್ಲ, ಒಂದೇ ಎಂಬುದು ಅವರ ಆಕ್ಷೇಪ. ಬಂಧಗಳ ಎಣಿಕೆಯಲ್ಲಿ ಕಾಲವು ಆಕ್ಷೇಪಿಸಿದವರ ಪಕ್ಷವನ್ನೇ ಹಿಡಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಹುರಿಯ ಕಲ್ಪನೆಯು ಮಾತ್ರ ಇಂದಿಗೂ ಅಚಲವಾಗಿ ನಿಂತಿದೆ.

ಬೇರೊಬ್ಬರಾಗಿದ್ದರೆ ಉತ್ತರಕ್ಕೆ ಪ್ರತ್ಯುತ್ತರ ಬರೆದು ವಾದವನ್ನು ಬೆಳೆಸುತ್ತಿದ್ದರೇನೋ. ರಾಮಚಂದ್ರನ್ ಅವರ ಮನಸ್ಸಿನಲ್ಲಿ ಆಕ್ಷೇಪವು ಒಂದು ಪ್ರಶ್ನೆಯಾಗಿ ನಾಟಿತು. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಬರಕೂಡದೆಂದು ಹೇಳುವವರ ಬಳಿಯೂ ಇದಕ್ಕೆ ಖಚಿತವಾದ ಲೆಕ್ಕವಿರಲಿಲ್ಲ. ರಾಮಚಂದ್ರನ್ ಅವರು ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಎಂಬ ತಮ್ಮ ಸಂಗಡಿಗರೊಡನೆ ಕುಳಿತು, ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ ಪರಮಾಣುಗಳ ನಡುವಣ ಅಂತರಗಳನ್ನು ಪಟ್ಟಿಮಾಡಿದರು. ಉದಾಹರಣೆಗೆ, ಬಂಧವಿಲ್ಲದ ಎರಡು ಆಮ್ಲಜನಕ ಪರಮಾಣುಗಳು ಸಾಮಾನ್ಯವಾಗಿ 2.7 ಆಂಗ್‌ಸ್ಟ್ರಾಮಿಗಿಂತ ಹತ್ತಿರ ಬರುವುದಿಲ್ಲ. ತೀರ ಒತ್ತಿದರೆ 2.6. ಒಂದು ಆಂಗ್‌ಸ್ಟ್ರಾಮೆಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು!

ಮುಂದಿನದು ಜ್ಯಾಮಿತಿಯ ಕೆಲಸ. ಪೆಪ್ಟೈಡು ಸರದಲ್ಲಿ ಎರಡು ಅಮೈನೊ ಆಮ್ಲಗಳನ್ನು ಕೂಡಿಸುವ ಬೆಸುಗೆಯು ಹಲಗೆಯಂತೆ ಚಪ್ಪಟೆ, ಅದು ತಿರುಗದು. ಎರಡು ಹಲಗೆಗಳು ಸೇರುವ ಇಂಗಾಲದ ಪರಮಾಣುವಿನ ಅಕ್ಕಪಕ್ಕದ ಎರಡು ಬಂಧಗಳು ಮಾತ್ರ ಬಾಗಿಲ ಕೀಲಿನಂತೆ ತಿರುಗಬಲ್ಲವು. ಆ ಎರಡು ತಿರುವುಗಳ ಕೋನಗಳಿಗೆ ಫೈ ಮತ್ತು ಸೈ ಎಂದು ಹೆಸರು. ಫೈ ಕೋನವನ್ನು ಅಡ್ಡಲಾಗಿಯೂ ಸೈ ಕೋನವನ್ನು ಲಂಬವಾಗಿಯೂ ಗುರುತಿಸಿದ ಒಂದು ಚೌಕವನ್ನು ಬರೆದು, ಅದರ ಒಂದೊಂದು ಬಿಂದುವಿನಲ್ಲಿಯೂ ಯಾವುದಾದರೂ ಎರಡು ಪರಮಾಣುಗಳು ಡಿಕ್ಕಿ ಹೊಡೆಯುವವೇ ಎಂದು ಅವರು ಲೆಕ್ಕ ಹಾಕುತ್ತ ಹೋದರು. ಇಂದಿನ ಗಣಕಗಳು ಆಗ ಅವರ ಬಳಿ ಇರಲಿಲ್ಲ. ಮೇಜಿನ ಮೇಲಿಡುವ ಲೆಕ್ಕದ ಯಂತ್ರವೇ ಆಧಾರ. ಹಂಪೆಯ ಗುಡ್ಡಗಳಲ್ಲಿ ದೂರದಿಂದ ನೋಡಿದರೆ ಎತ್ತಲಾದರೂ ನಡೆಯಬಹುದೆಂದು ತೋರುತ್ತದೆ; ಹತ್ತಿರ ಹೋದರೆ ಬಂಡೆಗಳ ನಡುವೆ ಕಾಲಿಡಲು ಬರುವ ದಾರಿಗಳು ಕೆಲವೇ. ಇಲ್ಲಿಯೂ ಹಾಗೆಯೇ ಆಯಿತು. ಗ್ಲೈಸಿನ್ನನ್ನು ಬಿಟ್ಟರೆ, ಚೌಕದ ಕಾಲು ಭಾಗಕ್ಕಿಂತ ಕಡಿಮೆ ಎಡೆಯಲ್ಲಿ ಮಾತ್ರ ಸರವು ನೆಮ್ಮದಿಯಾಗಿ ನಿಲ್ಲಬಲ್ಲುದು. ಉಳಿದುದೆಲ್ಲ ನಿಷಿದ್ಧ ಪ್ರದೇಶ.

1963ರಲ್ಲಿ ಪ್ರಕಟವಾದ ಆ ಚಿಕ್ಕ ಲೇಖನದ ಚಿತ್ರವು ರಾಮಚಂದ್ರನ್ ನಕ್ಷೆಯೆಂದು ಹೆಸರಾಯಿತು. ಅನಂತರ ಒಂದೊಂದಾಗಿ ಪ್ರೋಟೀನುಗಳ ರಚನೆಯು ಬೆಳಕಿಗೆ ಬಂದಂತೆ ಅವುಗಳ ಕೋನಗಳು ಬಹುಮಟ್ಟಿಗೆ ಈ ನಕ್ಷೆಯು ಅನುಮತಿಸಿದ ಎಡೆಗಳಲ್ಲಿಯೇ ಬಂದು ನಿಂತವು. ಇಂದು ಯಾವ ದೇಶದಲ್ಲಿ ಯಾರು ಹೊಸದೊಂದು ಪ್ರೋಟೀನಿನ ರಚನೆಯನ್ನು ಕಂಡುಹಿಡಿದರೂ ಅದನ್ನು ಈ ನಕ್ಷೆಯ ಮೇಲಿಟ್ಟು ಒರೆಹಚ್ಚುವುದು ವಾಡಿಕೆ. ಚುಕ್ಕೆಗಳು ನಿಷಿದ್ಧ ಪ್ರದೇಶದಲ್ಲಿ ಹೆಚ್ಚಾಗಿ ಬಿದ್ದರೆ ಸಂಶೋಧಕನು ತನ್ನ ಲೆಕ್ಕವನ್ನು ಮತ್ತೆ ನೋಡಬೇಕು.

1971ರಲ್ಲಿ ರಾಮಚಂದ್ರನ್ ಮತ್ತೆ ಬೆಂಗಳೂರಿಗೆ ಬಂದು, ವಿಜ್ಞಾನ ಮಂದಿರದಲ್ಲಿ ಅಣುಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಅವರು ಮತ್ತೊಂದು ಗಣಿತದ ವಿಧಾನವನ್ನು ಪ್ರಕಟಿಸಿದರು. ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ಚಿತ್ರಗಳಿಂದ ವಸ್ತುವಿನ ಒಳರೂಪವನ್ನು ಮರಳಿ ಕಟ್ಟುವ ವಿಧಾನವದು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಯಂತ್ರಗಳ ಗಣಿತಕ್ಕೆ ಅದು ನೆರವಾಯಿತು.

ನಕ್ಷೆಯ ಉಪಯೋಗವು ಔಷಧಗಳವರೆಗೂ ಹಬ್ಬಿದೆ. ಸಕ್ಕರೆ ಕಾಯಿಲೆಯವರು ತೆಗೆದುಕೊಳ್ಳುವ ಇನ್ಸುಲಿನ್ 51 ಅಮೈನೊ ಆಮ್ಲಗಳ ಸಣ್ಣ ಪ್ರೋಟೀನು. ಅದನ್ನು ಗುಳಿಗೆಯಂತೆ ನುಂಗಿದರೆ ಜೀರ್ಣರಸಗಳು ಬೇಳೆಯ ಪ್ರೋಟೀನನ್ನು ಕತ್ತರಿಸುವಂತೆ ಅದನ್ನೂ ಕತ್ತರಿಸಿಬಿಡುತ್ತವೆ. ಆದುದರಿಂದಲೇ ಸೂಜಿಮದ್ದು. ರಕ್ತದಲ್ಲಿಯೂ ಪೆಪ್ಟೈಡುಗಳನ್ನು ತುಂಡರಿಸುವ ಕಿಣ್ವಗಳಿವೆ. ಇವುಗಳಿಂದ ಔಷಧವನ್ನು ಕಾಪಾಡಲು ಸರದ ಆಕಾರವನ್ನು ಬದಲಿಸಬೇಕು. ಆಕಾರದ ಮಾತು ಬಂದರೆ ನಕ್ಷೆಯನ್ನು ಬಿಚ್ಚಲೇಬೇಕು. ಅಮೈನೊ ಐಸೊಬ್ಯುಟಿರಿಕ್ ಆಮ್ಲವೆಂಬ ಅಪರೂಪದ ಅಮೈನೊ ಆಮ್ಲಕ್ಕೆ ಈ ನಕ್ಷೆಯಲ್ಲಿ ದೊರೆಯುವ ಎಡೆ ಬಹಳ ಕಿರಿದು. ಅದು ಸೇರಿದ ಸರವು ಸುರುಳಿಯಾಗಿ ಗಟ್ಟಿಯಾಗಿ ನಿಲ್ಲುತ್ತದೆ. ರಾಮಚಂದ್ರನ್ ಕಟ್ಟಿದ ವಿಭಾಗದಲ್ಲಿಯೇ ಪಿ. ಬಲರಾಮ್ ಮತ್ತು ಅವರ ಸಂಗಡಿಗರು ಇಂತಹ ಪೆಪ್ಟೈಡುಗಳನ್ನು ದಶಕಗಳ ಕಾಲ ಅಭ್ಯಸಿಸಿದರು. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಎಂಬ ಪೆಪ್ಟೈಡು ಔಷಧದಲ್ಲಿ ಕಿಣ್ವದ ಕತ್ತರಿಯನ್ನು ತಡೆಯಲು ಇಟ್ಟಿರುವುದು ಇದೇ ಆಮ್ಲವನ್ನು.

1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ರಾಮಚಂದ್ರನ್ ಅವರನ್ನು ಸದಸ್ಯರನ್ನಾಗಿ ಆರಿಸಿತು. ನೊಬೆಲ್ ಪಾರಿತೋಷಿಕಕ್ಕೆ ಅವರು ಅರ್ಹರೆಂದು ಅನೇಕ ವಿಜ್ಞಾನಿಗಳು ನಂಬಿದ್ದರು, ಅದು ಬರಲಿಲ್ಲ. ಸಂಗೀತದಲ್ಲಿಯೂ ತತ್ತ್ವಶಾಸ್ತ್ರದಲ್ಲಿಯೂ ಅವರಿಗೆ ಬಹಳ ಆಸಕ್ತಿ. ಭಾರತೀಯ ತರ್ಕದ ಸ್ಯಾದ್ವಾದವನ್ನು ಗಣಿತದ ಭಾಷೆಯಲ್ಲಿ ಹೇಳಲು ಅವರು ತಮ್ಮ ಕೊನೆಯ ಸಂಶೋಧನೆಗಳನ್ನು ಮೀಸಲಿಟ್ಟರು. 1998ರಲ್ಲಿ ಪತ್ನಿ ರಾಜಲಕ್ಷ್ಮಿಯವರು ತೀರಿಕೊಂಡ ಮೇಲೆ ಅವರ ಆರೋಗ್ಯವು ಕುಸಿಯಿತು. ಮರುವರ್ಷ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟವು ತನ್ನ ಅತ್ಯುನ್ನತ ಗೌರವವಾದ ಎವಾಲ್ಡ್ ಪುರಸ್ಕಾರವನ್ನು ಅವರಿಗೆ ನೀಡಿತು. 2001ರ ಏಪ್ರಿಲ್ 7ರಂದು ಅವರು ಚೆನ್ನೈಯಲ್ಲಿ ನಿಧನರಾದರು.