ಒಂದು ತಂತಿ, ಐದು ಕೀಲಿ: ಎಮಿಲ್ ಬೋಡೋ

ಆರ್ಡುಯಿನೊ ಕೋಡಿನಲ್ಲಿ 9600 ಅಂತ ಬರೆದು, ಸೀರಿಯಲ್ ಮಾನಿಟರಿನಲ್ಲಿ 115200 ಇಟ್ಟರೆ ಏನಾಗುತ್ತೆ? ಸ್ಕ್ರೀನ್ ತುಂಬ ಕಸ. ಆ ಸಂಖ್ಯೆಯ ಪಕ್ಕ ಇರೋ ‘ಬಾಡ್’ ಬಾಡೂಟದ್ದಲ್ಲ, ಒಬ್ಬ ರೈತನ ಮಗನ ಹೆಸರು.

ಎಮಿಲ್ ಬೋಡೋ ಹುಟ್ಟಿದ್ದು 1845ರಲ್ಲಿ, ಫ್ರಾನ್ಸಿನ ಒಂದು ಹಳ್ಳಿಯಲ್ಲಿ. ಓದಿದ್ದು ಪ್ರೈಮರಿ ಶಾಲೆವರೆಗೆ ಮಾತ್ರ. ಆಮೇಲೆ ಹೊಲದ ಕೆಲಸ. 1869ರಲ್ಲಿ ಟೆಲಿಗ್ರಾಫ್ ಇಲಾಖೆಗೆ ಸೇರಿದ.

ಮೋರ್ಸ್ ಸಂಕೇತದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಉದ್ದ. ಇಂಗ್ಲಿಷಿನ ‘ಇ’ಗೆ ಒಂದೇ ಚುಕ್ಕೆ, ಸೊನ್ನೆಗೆ ಐದು ಗೆರೆ. ಪಳಗಿದ ಕಿವಿಗೆ ಇದು ಸಲೀಸು. ಆದರೆ ಅಕ್ಷರ ಎಲ್ಲಿ ಮುಗೀತು ಅಂತ ಯಂತ್ರಕ್ಕೆ ತಿಳಿಯೋದು ಕಷ್ಟ. ಮೇಲಾಗಿ, ಒಬ್ಬ ಮನುಷ್ಯ ಒತ್ತುವ ವೇಗಕ್ಕೆ ದುಬಾರಿ ತಂತಿ ಹೆಚ್ಚು ಹೊತ್ತು ಸುಮ್ಮನೆ ಬಿದ್ದಿರುತ್ತಿತ್ತು.

ಬೋಡೋ ಎರಡನ್ನೂ ಒಟ್ಟಿಗೆ ಬಿಡಿಸಿದ. ಇಲಾಖೆ ಡ್ಯೂಟಿಯಲ್ಲಿ ಸಮಯ ಕೊಡಲಿಲ್ಲ; ಕೆಲಸ ಮುಗಿಸಿ, ಬಿಡುವಿನಲ್ಲೇ ಕೂತು ಮಾಡಿದ. 1874ರಲ್ಲಿ ಪೇಟೆಂಟ್ ಪಡೆದ. ಪ್ರತಿ ಅಕ್ಷರಕ್ಕೂ ಸರಿಯಾಗಿ ಐದೇ ಬಿಟ್. ಎಡಗೈಗೆ ಎರಡು ಕೀಲಿ, ಬಲಗೈಗೆ ಮೂರು. ತಿರುಗುವ ಒಂದು ಡಿಸ್ಟ್ರಿಬ್ಯೂಟರ್ ಒಬ್ಬೊಬ್ಬ ಆಪರೇಟರಿಗೂ ಸರದಿಯಂತೆ ತಂತಿಯನ್ನು ಕೊಡುತ್ತಿತ್ತು. ಸರದಿ ಬಂದಾಗ ಟಕ್ ಅಂತ ಸದ್ದು. ಆ ತಾಳ ತಪ್ಪುವಂತಿಲ್ಲ. ಆ ಕಡೆಯ ಡಿಸ್ಟ್ರಿಬ್ಯೂಟರ್ ಇದೇ ವೇಗದಲ್ಲಿ ತಿರುಗಿದರೆ ಮಾತ್ರ ಅಕ್ಷರ ಅಕ್ಷರವಾಗಿ ಉಳಿಯುತ್ತೆ. 1877ರಲ್ಲಿ ಪ್ಯಾರಿಸ್‌ ಮತ್ತು ಬೋರ್ಡೋ ನಡುವೆ ಪರೀಕ್ಷೆ ನಡೆಯಿತು. ಮರುವರ್ಷ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ.

ಐದು ಬಿಟ್ಟಿಗೆ 32 ಸಂಕೇತ ಅಷ್ಟೇ. ಅಕ್ಷರ, ಅಂಕಿ, ಚಿಹ್ನೆ ಎಲ್ಲಕ್ಕೂ ಸಾಲದು. ಅದಕ್ಕೇ ಒಂದೇ ಸಂಕೇತಕ್ಕೆ ಎರಡು ಅರ್ಥ ಕೊಟ್ಟು, ಯಾವುದು ಅಂತ ಹೇಳಲು ಶಿಫ್ಟ್ ಸಂಕೇತ ಇಟ್ಟ. ದಾರಿಯಲ್ಲಿ ಒಂದು ಶಿಫ್ಟ್ ಕಳೆದುಹೋದರೆ ಮುಂದಿನ ಅಕ್ಷರಗಳೆಲ್ಲ ಅಂಕಿಗಳಾಗಿಬಿಡುತ್ತವೆ. ಜೇಸನ್‌ನಲ್ಲಿ ಒಂದು ಬ್ರಾಕೆಟ್ ಬಿಟ್ಟು ರಾತ್ರಿಯಿಡೀ ಹುಡುಕಿದವರಿಗೆ ಈ ನೋವು ಅರ್ಥವಾಗುತ್ತೆ.

1901ರಲ್ಲಿ ಡೊನಾಲ್ಡ್ ಮರ್ರೆ ಈ ಸಂಕೇತವನ್ನು ಮಾರ್ಪಡಿಸಿದ; ಟೆಲಿಪ್ರಿಂಟರುಗಳು ಆ ದಾರಿಯಲ್ಲೇ ನಡೆದವು. 1903ರಲ್ಲಿ ಬೋಡೋ ತೀರಿಕೊಂಡಾಗ ವಯಸ್ಸು 57. ಸೆಕೆಂಡಿಗೆ ಎಷ್ಟು ಸಂಕೇತ ಅನ್ನೋ ಅಳತೆಗೆ ಅವನ ಹೆಸರು ಬಂದದ್ದು ಅವನು ಹೋಗಿ 20ಕ್ಕೂ ಹೆಚ್ಚು ವರ್ಷಗಳಾದ ಮೇಲೆ.

ಇವತ್ತು ನುಶೆಲ್‌ಗೆ ಪ್ಲಗಿನ್ ಬರೆದರೆ, ಅದು ಶುರುವಾದ ಕೂಡಲೇ ತಾನು ಜೇಸನ್ ಆಡುತ್ತೋ ಮೆಸೇಜ್‌ಪ್ಯಾಕ್ ಆಡುತ್ತೋ ಅಂತ ಶೆಲ್ಲಿಗೆ ಹೇಳಬೇಕು. ಅದಾದ ಮೇಲೇ ಉಳಿದ ಮಾತು. ತಂತಿ ಹೋಗಿ ಪೈಪ್ ಬಂತು. ಎರಡು ತುದಿಯೂ ಮೊದಲು ಒಪ್ಪಬೇಕು ಅನ್ನೋ ಬೋಡೋನ ಪಾಠ ಹಾಗೇ ಇದೆ.