ಅರಮನೆ ಮೈದಾನದ ಆ ಸಂಜೆ ಮತ್ತು ಚನ್ನರಾಯಪಟ್ಟಣದ ಅಶ್ವಥ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಐವತ್ತು ದಾಟಿದ, ಸ್ವಲ್ಪ ಹಾಡಿನ ಹುಚ್ಚಿರುವ ಯಾರನ್ನಾದರೂ ಮಾತಿಗೆಳೆಯಿರಿ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಾನೂ ಇದ್ದೆ ಅಂತಲೇ ಶುರು ಮಾಡ್ತಾರೆ. ಇವರೆಲ್ಲ ನಿಜಕ್ಕೂ ಹೋಗಿದ್ದರೆ ಅವತ್ತು ನಮ್ಮ ಸೀಮೆಯಲ್ಲಿ ಕಾಯಿ ಸುಲಿಯೋಕೆ ಒಂದಾಳೂ ಸಿಗ್ತಿರಲಿಲ್ಲ. ಅಮೆರಿಕದಲ್ಲೂ ಇದೇ ಕತೆ. 1969ರ ಆಗಸ್ಟ್‌ನಲ್ಲಿ ಬೆಥೆಲ್ ಎಂಬಲ್ಲಿ ಹಸು ಸಾಕುವವನೊಬ್ಬನ ಹೊಲದಲ್ಲಿ ನಡೆದ ವುಡ್‌ಸ್ಟಾಕ್‌ಗೆ ಸುಮಾರು 4 ಲಕ್ಷ ಜನ ಬಂದಿದ್ದರು. ಬಂದಿದ್ದೆವು ಅಂತ ಹೇಳಿಕೊಳ್ಳುವವರ ಸಂಖ್ಯೆ ಅದರ ಎಷ್ಟು ಪಟ್ಟೋ! ದೊಡ್ಡ ಸಂಜೆಗಳ ಲಕ್ಷಣವೇ ಅದು. ಹೋಗದವರ ನೆನಪಲ್ಲೂ ಅವು ಸೇರಿಕೊಂಡುಬಿಡ್ತವೆ.

ನಮ್ಮವರು ನೆನೆಯುವ ಆ ಸಂಜೆ ‘ಕನ್ನಡವೇ ಸತ್ಯ’. ಲಕ್ಷ ಜನ ಸೇರಿದ್ದರು ಅನ್ನೋದು ಆಗಿನಿಂದ ಎಲ್ಲರ ಬಾಯಲ್ಲಿರುವ ಲೆಕ್ಕ. ಅದೇ ಮೈದಾನದಲ್ಲಿ 2001ರಲ್ಲಿ ಡೀಪ್ ಪರ್ಪಲ್, 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಹಾಡಿ ಹೋಗಿದ್ದವು. 2007ರಲ್ಲಿ ಐರನ್ ಮೇಡನ್ ಬಂತು. ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನ ಸೀನಿಯರ್‌ಗಳಿಗೆ ಆ ಕರಿ ಟೀಶರ್ಟ್ ಕುಲದೇವರ ಪ್ರಸಾದ ಇದ್ದ ಹಾಗೆ. ಈ ಎರಡು ರಾಕ್ ಕಾಲಗಳ ನಡುವೆ ಅಲ್ಲಿ ನಿಂತು ಹಾಡಿದವರು 65 ವರ್ಷದ ಒಬ್ಬ ನಿವೃತ್ತ ಕಾರ್ಖಾನೆ ಅಧಿಕಾರಿ. ಹಾಡಿದ್ದು ಕವಿತೆ. ಗಿಟಾರ್ ಮುರಿಯಲಿಲ್ಲ, ಯಾರೂ ಅಂಗಿ ಬಿಚ್ಚಿ ಬೀಸಲಿಲ್ಲ. ಆದರೂ ಹೋಗಿಬಂದವರು ಮಾತಾಡೋದನ್ನ ಕೇಳಿದರೆ ರಾಕ್ ಕಛೇರಿಯ ನೆನಪು ಬಿಚ್ಚಿಟ್ಟ ಹಾಗೇ ಇರ್ತದೆ: ಎಲ್ಲಿ ನಿಂತಿದ್ದೆವು, ಯಾವ ಹಾಡಿಗೆ ಗಂಟಲು ಕಟ್ಟಿತು, ವಾಪಸ್ ಬರೋ ರೈಲು ಹೇಗೆ ತಪ್ಪಿತು.

ಸಿ. ಅಶ್ವಥ್ ನಮ್ಮ ಪಕ್ಕದ ಮನೆಯವರು. 1939ರ ಡಿಸೆಂಬರ್ 29ರಂದು ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ. ಜಿಲ್ಲೆ ಹಾಸನ ಇರಬಹುದು, ಆದರೆ ತಿಪಟೂರು ಮತ್ತು ತುರುವೇಕೆರೆಯ ಗಡಿಗೆ ಅಂಟಿಕೊಂಡ ತಾಲ್ಲೂಕು ಅದು. ತೆಂಗು ಜಿಲ್ಲಾ ಗಡಿ ನೋಡಿಕೊಂಡು ಬೆಳೆಯೋದಿಲ್ಲವಲ್ಲ. ಅದಕ್ಕೇ ನಮ್ಮ ಕಡೆಯವರಿಗೆ ಅವರ ಮೇಲೆ ಒಂದು ದಾಯಾದಿ ಹಕ್ಕು.

ಬಿ.ಎಸ್ಸಿ. ಓದಿ ಬೆಂಗಳೂರಿನ ಐಟಿಐಗೆ, ಅಂದರೆ ಟೆಲಿಫೋನ್ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಗೆ ಸೇರಿದರು. 27 ವರ್ಷ ಅಲ್ಲೇ ದುಡಿದು 1992ರಲ್ಲಿ ಹೊರಬಂದರು. ಅವರ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಲ್ಲಿ ಮುಗಿಸಿ ಹಾಡಿಗೆ ಹೋಗಿಬಿಡ್ತಾರೆ. ನನಗೆ ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ಸುತ್ತೆ. ಐಟಿಐ, ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್ ಇದ್ದ ಬೆಂಗಳೂರಲ್ಲಿ ನೌಕರನಿಗೆ ಖಾಯಂ ಸಂಬಳ ಇತ್ತು, ಪಾಳಿ ಮುಗಿಯುವ ಹೊತ್ತು ಗೊತ್ತಿತ್ತು, ಕಾರ್ಖಾನೆಯೊಳಗೊಂದು ಕನ್ನಡ ಸಂಘ ಇತ್ತು. ಸಂಜೆ ಉಳೀತಿತ್ತು. ಹವ್ಯಾಸಿ ರಂಗಭೂಮಿಗೆ, ಗಾಯನಕ್ಕೆ, ಕೊನೆಗೆ ಯೂನಿಯನ್‌ಗೆ ಬೇಕಾದ್ದೂ ಆ ಸಂಜೆಯೇ. ಇವತ್ತು ರಾತ್ರಿ ಹನ್ನೊಂದಕ್ಕೆ ವಿದೇಶದ ಕ್ಲೈಂಟ್ ಕಾಲ್ ಮುಗಿಸುವ ನನ್ನ ಬ್ಯಾಚಿನ ಹುಡುಗರಲ್ಲಿ ಇನ್ನೊಬ್ಬ ಅಶ್ವಥ್ ಯಾಕೆ ಹುಟ್ಟಲಿಲ್ಲ ಅಂತ ಯಾರಾದರೂ ಕೇಳಿದರೆ, ಪ್ರತಿಭೆಯ ಮಾತು ಆಮೇಲೆ, ಮೊದಲು ಈ ಸಂಜೆಯ ಲೆಕ್ಕ ಕೊಡಿ ಅಂತೀನಿ.

ಹಿಂದೂಸ್ತಾನಿ ಕಲಿತಿದ್ದರೂ ಅವರ ಪಳಗುವಿಕೆ ಆದದ್ದು ನಾಟಕದ ಬಳಗದಲ್ಲಿ. ಎಪ್ಪತ್ತರ ದಶಕದ ಬೆಂಗಳೂರು ರಂಗಭೂಮಿ ಕಾದ ಬಾಣಲೆ ಹಾಗಿತ್ತು. ಮಾಸ್ತಿಯವರ ನಾಟಕ ‘ಕಾಕನಕೋಟೆ’ಯನ್ನು ಸಿ. ಆರ್. ಸಿಂಹ 1977ರಲ್ಲಿ ಸಿನಿಮಾ ಮಾಡಿದಾಗ ಸಂಗೀತ ಅಶ್ವಥ್ ಅವರದು. ಆಮೇಲೆ ಎಲ್. ವೈದ್ಯನಾಥನ್ ಜೊತೆ ಸೇರಿ ಅಶ್ವಥ್–ವೈದಿ ಅನ್ನುವ ಜೋಡಿಯಾಗಿ ‘ಆಲೆಮನೆ’ಯಂಥ ಚಿತ್ರಗಳು. ಟಿ. ಎಸ್. ನಾಗಾಭರಣ ಅವರ ‘ಮೈಸೂರು ಮಲ್ಲಿಗೆ’, ‘ಚಿನ್ನಾರಿ ಮುತ್ತ’, ‘ನಾಗಮಂಡಲ’ ಎಲ್ಲವೂ ಅವರವೇ. ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದ ನಮ್ಮ ತಲೆಮಾರಿಗೆ ‘ಚಿನ್ನಾರಿ ಮುತ್ತ’ದ ಹಾಡು ಪಠ್ಯಪುಸ್ತಕಕ್ಕಿಂತ ಹೆಚ್ಚು ನೆನಪಿದೆ.

ಆದರೆ ತೆಂಗಿನ ಸೀಮೆಗೆ ಅವರು ಬಂದದ್ದು ಸಿನಿಮಾದಿಂದ ಅಲ್ಲ, ಕ್ಯಾಸೆಟ್ಟಿನಿಂದ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ದಾರಿ ತೆರೆದಿತ್ತು. ಆ ದಾರಿಯಲ್ಲಿ ಅಶ್ವಥ್ ಶಿಶುನಾಳ ಶರೀಫರನ್ನು ಹೊತ್ತು ತಂದರು. ಶರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಮುಸ್ಲಿಮರ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದ ಭಟ್ಟರನ್ನು ಗುರು ಮಾಡಿಕೊಂಡವರು. ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಅವರ ಪದಗಳು ಮೊದಲಿಂದಲೂ ಇದ್ದವು. ಆ ಪದಗಳನ್ನು ಹೊಸ ಕಾಲದವರಿಗೆ ಮುಟ್ಟಿಸಲು ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರಂಥವರು ದುಡಿದರು, ಶಿವಮೊಗ್ಗ ಸುಬ್ಬಣ್ಣ ಹಾಡಿದರು. ಅಶ್ವಥ್ ಮಾತ್ರ ಶರೀಫರಿಗೆ ಒಂದು ಕಂಠವನ್ನೇ ಕೊಟ್ಟರು. ಗಡುಸು, ಮೇಲಕ್ಕೆ ಹೋದಾಗ ಸ್ವಲ್ಪ ಬಿರಿಯುವ, ಹೊಲದ ಆಚೆ ಬದುವಿನಲ್ಲಿರುವವನನ್ನು ಕೂಗಿ ಕರೆಯುವಂಥ ಕಂಠ. 1990ರಲ್ಲಿ ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದರು. ತೆರೆಯ ಮೇಲೆ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ್, ಹಾಡಿನಲ್ಲಿ ಅಶ್ವಥ್. ರಾಷ್ಟ್ರೀಯ ಭಾವೈಕ್ಯದ ವಿಭಾಗದಲ್ಲಿ ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹತ್ತು–ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾದ ಮೇಲೆ ಸುಲಿದು ಒಡೆಯೋದು. ಕೂತು ಮಾಡುವ ಕೆಲಸ, ಕೈಗೆ ಕೆಲಸ, ಕಿವಿ ಖಾಲಿ. ಎಂಬತ್ತು–ತೊಂಬತ್ತರ ದಶಕದಲ್ಲಿ ಆ ಖಾಲಿ ಕಿವಿಗೆ ಟೇಪ್‌ರೆಕಾರ್ಡರ್ ಸಿಕ್ಕಿತು. ಲಿಂಗಾಯತರ ತೋಟದ ಮನೆ, ಒಕ್ಕಲಿಗರ ಕೊಟ್ಟಿಗೆ, ಪೇಟೆಯ ಸಾಬರ ಸೈಕಲ್ ಶಾಪು ಎಲ್ಲ ಕಡೆ ಅದೇ ಧ್ವನಿ. ಕೋಳಿ ಕೋಡಗವನ್ನು ನುಂಗುವ ಪದದ ಅರ್ಥ ಏನು ಅಂತ ನಮ್ಮ ಮಾವ ಮತ್ತು ಅವರ ಗೆಳೆಯರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಒಬ್ಬರಿಗೂ ಪೂರ್ತಿ ಅರ್ಥ ಆಗಿರಲಿಲ್ಲ ಅನ್ನೋದು ನನ್ನ ಅನುಮಾನ. ಅದರಿಂದ ಹಾಡಿಗೇನೂ ನಷ್ಟ ಆಗಲಿಲ್ಲ.

ಇದನ್ನೆಲ್ಲ ಪ್ರತಿಸಂಸ್ಕೃತಿ ಅನ್ನಬಹುದಾ? ಅಲ್ಲಿ ನನಗೆ ತಕರಾರಿದೆ. ಅಶ್ವಥ್ ನಾಟಕ ಬಳಗದಲ್ಲಿ ಬೆಳೀತಿದ್ದ ಹೊತ್ತಿಗೇ, 1975ರಲ್ಲಿ, ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು ಆ ಹಾಡುಗಳನ್ನು ಕೇರಿಕೇರಿಗೆ ಒಯ್ದರು. ಸಮುದಾಯ ತಂಡದ ಜಾಥಾ ಊರೂರು ಸುತ್ತಿತು. ರೈತ ಸಂಘದ ಸಭೆಗಳಿಗೂ ಹಾಡಿಲ್ಲದೆ ಆಗ್ತಿರಲಿಲ್ಲ. ನಿಜವಾದ ಬಯಲ ಹಾಡು, ಏಟು ತಿಂದ ಹಾಡು ಅದು. ಭಾವಗೀತೆಯ ವೇದಿಕೆ ಅದಕ್ಕಿಂತ ಸುರಕ್ಷಿತ ಜಾಗ. ಅಲ್ಲಿ ಚಿಟಿಕೆ ತಾಳ ಹಾಕುತ್ತಿದ್ದ ಮಧ್ಯಮ ವರ್ಗಕ್ಕೆ ಕೇರಿಯ ತಮಟೆ ಕೇಳಿಸಿದ್ದು ಕಡಿಮೆ. ಅಶ್ವಥ್ ಚಳವಳಿಗಾರರಾಗಿರಲಿಲ್ಲ, ಅವರನ್ನು ಹಾಗೆ ಮಾಡಿ ಕೂರಿಸುವುದು ಬೇಡ.

ಹಾಗಂತ ಅವರನ್ನು ಸಭಾಂಗಣದ ಗಾಯಕ ಅಂತ ಬದಿಗಿಡೋಕೂ ಆಗಲ್ಲ. ಕವಿತೆಯನ್ನು ಹೂವಿನ ಹಾಗೆ ಮೆಲ್ಲಗೆ ಹಿಡಿಯಬೇಕು ಅನ್ನುವ ರೂಢಿ ಇದ್ದ ಕಡೆ ಅವರು ಕವಿತೆಯನ್ನು ಎತ್ತಿ ಬೀಸಿದರು. ತಾರಕಕ್ಕೆ ಹೋಗಿ ನಿಂತುಬಿಡೋರು, ಕೋರಸ್ಸನ್ನು ಮೇಲೆ ಬೀಳಿಸೋರು, ತಾಳವಾದ್ಯಗಳನ್ನು ಬಿಡುವಿಲ್ಲದೆ ಓಡಿಸೋರು. ಗದ್ದಲದಲ್ಲಿ ಕವಿತೆ ಮುಳುಗುತ್ತದೆ ಅಂತ ಆಕ್ಷೇಪಿಸಿದವರಿದ್ದರು. ಕೆಲವು ಹಾಡುಗಳ ಮಟ್ಟಿಗೆ ಆ ಆಕ್ಷೇಪ ಸರಿ ಅಂತ ನನಗೂ ಅನ್ಸುತ್ತೆ, ಕೆ. ಎಸ್. ನರಸಿಂಹಸ್ವಾಮಿಯವರಿಗೆ ಅಷ್ಟೊಂದು ಗಂಟಲು ಬೇಕಿರಲಿಲ್ಲ. ಆದರೆ ಕುವೆಂಪು ಮತ್ತು ಶರೀಫರಿಗೆ ಬೇಕಿತ್ತು. ಮೈದಾನಕ್ಕಂತೂ ಬೇಕೇ ಬೇಕಿತ್ತು.

ಮೈದಾನದ ವಿಷಯಕ್ಕೆ ಬಂದರೆ, ಇಂಜಿನಿಯರಿಂಗ್ ಓದಿದ್ದಕ್ಕೆ ಒಂದಾದರೂ ಉಪಯೋಗ ಆಗಲಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ವೇದಿಕೆಯಿಂದ 300 ಮೀಟರ್ ಹಿಂದೆ ನಿಂತವನಿಗೆ ಅಲ್ಲಿಂದ ಹೊರಟ ಸ್ವರ ಮುಟ್ಟೋಕೆ ಮುಕ್ಕಾಲು ಸೆಕೆಂಡಿಗಿಂತ ಹೆಚ್ಚು ಬೇಕು. ಅವನ ಚಪ್ಪಾಳೆ ಮುಂದಿನವರಿಗೆ ಮತ್ತಷ್ಟು ತಡ. ಅಂದರೆ ದೊಡ್ಡ ಬಯಲಲ್ಲಿ ಎಲ್ಲರೂ ಒಟ್ಟಿಗೆ ಹಾಡಿದೆವು ಅನ್ನೋದು ಭೌತಶಾಸ್ತ್ರದ ಪ್ರಕಾರ ಸುಳ್ಳು. ಹಾಡು ಅಲೆಯಾಗಿ ಹಿಂದಕ್ಕೆ ಹೋಗಿ, ಅಲೆಯಾಗಿ ವಾಪಸ್ ಬರ್ತದೆ. ಮಾವನಿಗೆ ಇದನ್ನು ಹೇಳಿದಾಗ ಅವರು ಬಹಳ ಖುಷಿಪಟ್ಟರು. ಅವತ್ತು ಹಿಂದಿನಿಂದ ಬೆನ್ನಿಗೆ ಬಂದು ಬಡಿದದ್ದು ಏನು ಅಂತ ಇಷ್ಟು ವರ್ಷ ಅವರಿಗೆ ತಿಳಿದಿರಲಿಲ್ಲವಂತೆ.

ಅವರು ಹೋಗಿದ್ದು ಬಾಣಸಂದ್ರದಲ್ಲಿ ರೈಲು ಹತ್ತಿ, ಐದು ಜನ. ಕಾಲ ಚೆನ್ನಾಗಿರಲಿಲ್ಲ. ಹಿಂದಿನ ಕೆಲವು ವರ್ಷ ಬರ, ಅದರ ಮೇಲೆ ಕಾಯಿಗೆ ನುಸಿ ರೋಗ. ಕಾಯಿ ಚಿಕ್ಕದಾಗಿ, ಮೇಲೆಲ್ಲ ಸುಟ್ಟಂಥ ಕಲೆ ಬಿದ್ದು, ಬೆಲೆ ಬಿದ್ದುಹೋಗಿತ್ತು. 2001ರ ನೀರಾ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಬೆಂಗಳೂರು ಅನ್ನುವ ಊರು ಐಟಿಯಿಂದ ಉಬ್ಬುತ್ತಾ ಇವರಿಂದ ದೂರ ಹೋಗ್ತಿತ್ತು. ಅಲ್ಲಿನ ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ಬೇರೆ ಭಾಷೆಯಲ್ಲಿ ಉತ್ತರ ಬರೋಕೆ ಶುರುವಾಗಿತ್ತು. ಅಂಥ ಊರಿನ ನಡುವೆ, ಮಹಾರಾಜರ ಹೆಸರಿನ ಮೈದಾನದಲ್ಲಿ, ತಮ್ಮ ಅಟ್ಟದ ಹಾಡನ್ನು ಲಕ್ಷ ಜನ ಹಾಡೋದು ಕೇಳಿದಾಗ ಇವರಿಗೆ ಏನಾಗಿರಬಹುದು ಅಂತ ನಾನು ಊಹಿಸಬಲ್ಲೆ. ಕಾರ್ಯಕ್ರಮದ ಹೆಸರಲ್ಲಿದ್ದ ಹಠವನ್ನು ಈಗ ಕೆಲವರು ಹೊರಗಿನವರ ಮೇಲಿನ ಸಿಟ್ಟಾಗಿ ಓದ್ತಾರೆ. ಆ ಮಾತು ಕುವೆಂಪು ಅವರದು. ವಿಶ್ವಮಾನವನಾಗು ಅಂದವರದೂ ಅದೇ ಲೇಖನಿ. ಕನ್ನಡ ಅನ್ನೋದನ್ನು ಬೇಲಿಯಾಗಿ ಅಲ್ಲ, ಬಯಲಾಗಿ ಹಾಡಿದ ಸಂಜೆ ಅದು ಅಂತ ನಾನು ತಿಳಿದಿದ್ದೇನೆ.

ಆದರೆ ಬಯಲು ತಾನಾಗಿ ಉಳಿಯೋದಿಲ್ಲ. ಆ ಐವರಲ್ಲಿ ಇಬ್ಬರು ಈಗ ವಾಟ್ಸ್ಯಾಪ್‌ನಲ್ಲಿ ಬೆಳಗ್ಗೆ ಶರೀಫರ ಪದ ಕಳಿಸ್ತಾರೆ, ಮಧ್ಯಾಹ್ನ ಸಾಬರ ಅಂಗಡಿಗೆ ಹೋಗಬೇಡಿ ಅನ್ನುವ ಫಾರ್ವರ್ಡ್ ಕಳಿಸ್ತಾರೆ. ಎರಡನ್ನೂ ಒಂದೇ ಹೆಬ್ಬೆರಳು ಒತ್ತುತ್ತದೆ. ಮಾವ ಇದೇ ವಿಷಯಕ್ಕೆ ಆ ಗುಂಪಿನಿಂದ ಹೊರಗೆ ಬಂದರು. ರೈಲಿನಲ್ಲಿ ಅವತ್ತು ಅವರ ಜೊತೆ ಬಂದಿದ್ದ ಐದನೆಯವರು ಅದೇ ಸೈಕಲ್ ಶಾಪಿನ ಸಾಬರು.

ಅಶ್ವಥ್ ಇದನ್ನೆಲ್ಲ ನೋಡಲಿಲ್ಲ. 2009ರ ಡಿಸೆಂಬರ್ 29ರಂದು, ಸರಿಯಾಗಿ 70 ತುಂಬಿದ ದಿನವೇ, ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿ ಹೋಗಿದ್ದರು. ಸುಗಮ ಸಂಗೀತಕ್ಕೆ ಕೆಟ್ಟ ವರ್ಷ ಅದು. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನವೂ ಹೌದು. 2015ರಿಂದ ಸರ್ಕಾರ ಅದನ್ನು ವಿಶ್ವಮಾನವ ದಿನ ಅಂತ ಆಚರಿಸುತ್ತದೆ.

ಸತ್ತ ಮೇಲೂ ಒಂದು ಜಗಳ ಉಳಿಯಿತು. 2004ರಲ್ಲಿ ನಾಡಗೀತೆಯಾದ ಕುವೆಂಪು ಕವಿತೆಯನ್ನು ಯಾರ ಧಾಟಿಯಲ್ಲಿ ಹಾಡಬೇಕು, ಅನಂತಸ್ವಾಮಿಯವರದೋ ಅಶ್ವಥ್ ಅವರದೋ? ವರ್ಷಗಟ್ಟಲೆ ಎಳೆದಾಡಿ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್ ಅಂತ ಆದೇಶ ಹೊರಡಿಸಿತು. ವಿವಾದ ಹೈಕೋರ್ಟ್ ಮೆಟ್ಟಿಲನ್ನೂ ಹತ್ತಿತು. ನನಗೆ ಕೇಳಿದರೆ, ಶಾಲೆಯ ಅಂಗಳದಲ್ಲಿ ಮಕ್ಕಳು ಎಳೆಯುಸಿರಲ್ಲಿ ಹಾಡೋಕೆ ಅನಂತಸ್ವಾಮಿಯವರ ಧಾಟಿಯೇ ಹದ. ಮಾವ ಮತ್ತು ಸೈಕಲ್ ಶಾಪಿನ ಸಾಬರು ಇದನ್ನು ಒಪ್ಪಲ್ಲ. ಇಬ್ಬರೂ ಅಶ್ವಥ್ ಪಾರ್ಟಿ. ಆದರೆ ಅರಮನೆ ಮೈದಾನದಲ್ಲಿ ಕೊನೆಗೆ ಹಾಡಿದ್ದು ಯಾವ ಹಾಡು ಅನ್ನೋದರಲ್ಲಿ ಮಾತ್ರ ಇಬ್ಬರಿಗೂ ಇವತ್ತಿಗೂ ಹೊಂದಾಣಿಕೆ ಇಲ್ಲ. ಯೂಟ್ಯೂಬ್ ತುಣುಕು ಹುಡುಕಿ ತೋರಿಸೋಕೆ ಹೋದರೆ, ಅದು ಬೇರೆ ಯಾವುದೋ ಊರಿನದು ಅಂತ ಇಬ್ಬರೂ ಒಟ್ಟಿಗೆ ಫೋನ್ ವಾಪಸ್ ಕೊಡ್ತಾರೆ.