ಫ್ರೀಡ್ರಿಕ್ ಹಾಯ್ಸ್ಲರ್: ಲೋಹಗಳ ಕೂಟದಲ್ಲಿ ಕಾಂತತ್ವವನ್ನು ಕಂಡವರು

ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ಗಡಿನಾಡಿನ ಕನ್ನಡ ಮನೆಗಳಿಂದ ಬರುವ ನಮ್ಮ ಮಕ್ಕಳು, ಅಯಸ್ಕಾಂತ ಸೆಳೆಯುವ ಲೋಹಗಳೆಂದು ಕಬ್ಬಿಣ, ಕೋಬಾಲ್ಟ್, ನಿಕಲ್‌ಗಳ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆ ಪಾಠವನ್ನು ವಿಸ್ತರಿಸಿದ ಫ್ರೀಡ್ರಿಕ್ ಹಾಯ್ಸ್ಲರ್ ಅವರನ್ನು ಈ ಶತಮಾನೋತ್ಸವ ಸಂಪುಟದಲ್ಲಿ ಸ್ಮರಿಸುತ್ತೇವೆ.

1866ರಲ್ಲಿ ಜರ್ಮನಿಯ ಡಿಲೆನ್‌ಬುರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದ ಹಾಯ್ಸ್ಲರ್ ಗಣಿ ಎಂಜಿನಿಯರರೂ ರಸಾಯನಶಾಸ್ತ್ರಜ್ಞರೂ ಆಗಿದ್ದರು. ಅದೇ ಊರಿನಲ್ಲಿದ್ದ ಮನೆತನದ ಲೋಹ ಕಾರ್ಖಾನೆಯ ಹೊಣೆ ಹೊತ್ತು, ಮ್ಯಾಂಗನೀಸಿನ ಮಿಶ್ರಲೋಹಗಳ ಅಧ್ಯಯನದಲ್ಲಿ ತೊಡಗಿದರು. ತಾಮ್ರ, ಮ್ಯಾಂಗನೀಸ್, ಅಲ್ಯೂಮಿನಿಯಂ ಇವುಗಳಲ್ಲಿ ಯಾವೊಂದೂ ತಾನಾಗಿ ಅಯಸ್ಕಾಂತಕ್ಕೆ ಅಂಟದು. ಆದರೆ ತಕ್ಕ ಪ್ರಮಾಣದಲ್ಲಿ ಕರಗಿಸಿ ಬೆರೆಸಿದಾಗ ದೊರೆಯುವ ಮಿಶ್ರಲೋಹವನ್ನು ಅಯಸ್ಕಾಂತ ಬಲವಾಗಿ ಸೆಳೆಯುತ್ತದೆಂದು ಅವರು 1903ರಲ್ಲಿ ಪ್ರಕಟಿಸಿದರು.

ಇದರ ಕಾರಣ ತಿಳಿಯಲು ಮೂರು ದಶಕಗಳೇ ಬೇಕಾದವು. 1934ರಲ್ಲಿ ಬ್ರಾಡ್ಲಿ ಮತ್ತು ರಾಜರ್ಸ್ ಎಕ್ಸ್-ಕಿರಣಗಳ ನೆರವಿನಿಂದ ಈ ಲೋಹದ ಒಳರಚನೆಯನ್ನು ಅರಿತರು. ಮ್ಯಾಂಗನೀಸಿನ ಪ್ರತಿ ಪರಮಾಣುವೂ ಒಂದು ಪುಟ್ಟ ಕಾಂತ. ಕ್ರಮಬದ್ಧ ಜೋಡಣೆಯಲ್ಲಿ ಆ ಪರಮಾಣುಗಳು ಪರಸ್ಪರ ದೂರದಲ್ಲಿ ನೆಲೆಸಿ, ಲೋಹದ ಎಲೆಕ್ಟ್ರಾನುಗಳ ಮಧ್ಯಸ್ಥಿಕೆಯಿಂದ ಒಂದೇ ದಿಕ್ಕಿಗೆ ಮುಖಮಾಡುತ್ತವೆ. ಜೋಡಣೆಯ ಕ್ರಮ ಕೆಟ್ಟರೆ ಕಾಂತಗುಣವೂ ಕುಂದುತ್ತದೆ.

ಹಾಯ್ಸ್ಲರ್ 1947ರಲ್ಲಿ ಹುಟ್ಟೂರಿನಲ್ಲಿಯೇ ನಿಧನರಾದರು. ಅವರ ಹೆಸರು ಹೊತ್ತ ಮಿಶ್ರಲೋಹಗಳು ಇಂದು ಸಾವಿರಕ್ಕೂ ಹೆಚ್ಚಿವೆ. ಅವುಗಳಲ್ಲಿ ಕೆಲವು, ಒಂದು ಬಗೆಯ ಸ್ಪಿನ್ ಉಳ್ಳ ಎಲೆಕ್ಟ್ರಾನುಗಳಿಗೆ ಲೋಹದಂತೆಯೂ ಇನ್ನೊಂದು ಬಗೆಯವಕ್ಕೆ ಅರೆವಾಹಕದಂತೆಯೂ ವರ್ತಿಸುವುದು 1983ರಲ್ಲಿ ತಿಳಿದುಬಂದಿತು.

ತನ್ನೂರಿನ ಕುಲುಮೆಯ ಬಳಿಯೇ ಇಂತಹ ಶೋಧ ಸಾಧ್ಯವಾಯಿತೆಂಬುದನ್ನು ಸಣ್ಣ ಊರಿನ ನಮ್ಮ ಮಕ್ಕಳೂ ಅರಿಯಲಿ ಎಂಬುದು ನಮ್ಮ ಹಾರೈಕೆ.